ಕಾನೂನಿನ ಪಾಠ ಶಾಲೆಯಲ್ಲೇ ಆಗಲಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಗ ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವಳು ಒಬ್ಬ ಹುಡುಗಿ. ಬೇಸಿಗೆ ರಜೆ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ. ಅವಳ ಮದುವೆಗೆ ನಾವೇ ಹೋಗಿ ಹೋಳಿಗೆ ಉಂಡು ಬಂದಿದ್ದೆವು. ವಕೀಲನಾದ ಮೇಲೆ ನನಗೆ ತಿಳಿಯಿತು: ಹೆಣ್ಣುಮಗಳಿಗೆ 18 ತುಂಬದೆ ಮದುವೆ ಮಾಡಬಾರದೆಂಬ ಕಾನೂನು 1978ರಲ್ಲೇ ಬಂದಿತ್ತು. ಕಾನೂನು ಇತ್ತು, ಆದರೆ ನಮ್ಮೂರಿನಲ್ಲಿ ಅದನ್ನು ಬಲ್ಲವರಿರಲಿಲ್ಲ.

ಆ ಕೊರಗಿನಿಂದಲೇ ನಾನು ಕಾನೂನು ಅರಿವು ಕಾರ್ಯಕ್ರಮಗಳಿಗಾಗಿ ಶಾಲೆಗಳಿಗೆ ಹೋಗತೊಡಗಿದೆ. ಮೊದಮೊದಲು ಕಲಂಗಳ ಪಟ್ಟಿ ಒಪ್ಪಿಸುತ್ತಿದ್ದೆ, ಮಕ್ಕಳು ಆಕಳಿಸುತ್ತಿದ್ದರು. ಆಮೇಲೆ ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೇಳಿ ಎಂದೆ. ಆಗ ಪಾಠ ಶುರುವಾಯಿತು.

ಒಂದು ಶಾಲೆಯ ಮೇಷ್ಟ್ರು ನನ್ನನ್ನು ನೇರವಾಗಿಯೇ ಕೇಳಿದರು: "ಮಕ್ಕಳಿಗೆ ಹಕ್ಕು ಹೇಳಿಕೊಟ್ಟು ಹೋಗ್ತೀರಿ. ನಾಳೆಯಿಂದ ನಮ್ಮ ಮಾತು ಕೇಳೋರು ಯಾರು?" ಅವರ ಕಷ್ಟ ಸುಳ್ಳಲ್ಲ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಮಗುವನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಅದಕ್ಕೆ ಕಾರಣವೂ ಇದೆ. ಬೆತ್ತಕ್ಕೆ ಹೆದರುವ ಮಗು ತನ್ನ ಕಷ್ಟವನ್ನು ಮೇಷ್ಟ್ರಿಗೆ ಹೇಳುವುದಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಮಗು ಬಾಯಿ ಬಿಡದಿದ್ದರೆ ತಿಳಿಯುವುದಾದರೂ ಹೇಗೆ?

ಅದೇ ಶಾಲೆಯಲ್ಲಿ ಒಂದು ಚೀಟಿ ಬಂತು. "ಬರೋ ವಾರ ಅಕ್ಕನ ಮದುವೆ. ಅವಳಿಗೆ 16. ನಾನು ಹೇಳಿದೆ ಅಂತ ಗೊತ್ತಾದ್ರೆ ಅಪ್ಪ ನನ್ನೂ ಶಾಲೆ ಬಿಡಿಸ್ತಾರೆ. ಯಾರಿಗೆ ಹೇಳ್ಲಿ?"

ಅಲ್ಲಿನ ಕನ್ನಡ ಮೇಡಂ ಕೈಬರಹ ಗುರುತಿಸಿದರು. ದಿನವೂ ಕಾಪಿ ತಿದ್ದುವವರಲ್ಲವೇ! ಹುಡುಗಿಯ ಹೆಸರನ್ನು ನನಗೂ ಹೇಳಲಿಲ್ಲ. ಚೀಟಿಯ ಮಾತೆತ್ತದೆ ತಾವೇ 1098ಕ್ಕೆ ಕರೆ ಮಾಡಿದರು. ಅಧಿಕಾರಿಗಳು ಬಂದರು, ಮದುವೆ ನಿಂತಿತು. ಆಮೇಲೆ ಮೇಡಂ ಎರಡು ಮೂರು ಸಲ ಆ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ತಂದೆಯ ಬೈಗುಳವನ್ನೂ ಕೇಳಿಸಿಕೊಂಡರು. ಅಕ್ಕ ಮತ್ತೆ ಶಾಲೆಗೆ ಬರಲಿಲ್ಲ. ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿದಳು.

ನಾನು ಅಲ್ಲಿ ಪಾಠ ಮಾಡಿದ್ದು ಒಂದು ಗಂಟೆ ಮಾತ್ರ. ಮೇಡಂ ಇಲ್ಲದಿದ್ದರೆ ಆ ಚೀಟಿ ಚೀಟಿಯಾಗಿಯೇ ಉಳಿಯುತ್ತಿತ್ತು. ಆದ್ದರಿಂದ ಕಾನೂನಿನ ಪಾಠ ಮಕ್ಕಳಿಗೆಷ್ಟೋ ಶಿಕ್ಷಕರಿಗೂ ಅಷ್ಟೇ ಬೇಕು.

ತಂದೆ ತಾಯಂದಿರಿಗೂ ಒಂದು ಮಾತು. "ತಾಳಿ ಬಿದ್ದ ಮೇಲೆ ಯಾರೇನು ಮಾಡ್ತಾರೆ" ಎನ್ನುವ ಕಾಲ ಹೋಯಿತು. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ನಡೆಯುವ ಮುಂಚೆಯೇ ತಡೆಯಾಜ್ಞೆ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಅದಕ್ಕೆ ಕರೆ ಮಾಡಬೇಕಾದ ನಂಬರು 15100.

ಮಹೋತ್ಸವ ಸಮಿತಿಯವರಲ್ಲಿ ಎರಡು ಕೋರಿಕೆ. ದಾನಿಗಳ ಫಲಕದ ಪಕ್ಕದಲ್ಲಿ ಈ ಎರಡು ನಂಬರುಗಳನ್ನೂ ದೊಡ್ಡದಾಗಿ ಬರೆಸಿ, ಬಣ್ಣದ ಖರ್ಚು ನನ್ನದು. ಎರಡನೆಯದು, ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಹತ್ತನೇ ತರಗತಿ ಮುಗಿಸಿದವರ ಹೆಸರುಗಳಷ್ಟೇ ಇವೆ. ನಡುವೆಯೇ ಶಾಲೆ ಬಿಟ್ಟವರೂ ಈ ಶಾಲೆಯ ಮಕ್ಕಳೇ. ಹಾಜರಿ ಪುಸ್ತಕ ತೆಗೆದು ಅವರ ಹೆಸರುಗಳನ್ನೂ ಸೇರಿಸಿ. ನಮಗೆಲ್ಲ ಲೆಕ್ಕ ಹೇಳಿಕೊಡುತ್ತಿದ್ದ ಆ ಗೆಳತಿಯ ಹೆಸರೂ ಅಲ್ಲಿರಲಿ.