ಗಡಿನಾಡಿನ ಶಾಸಕ ಎಂ. ಪಿ. ಪ್ರಕಾಶರು
(ಭಾಷಣದ ಪಾಠ)



ತುಂಗಭದ್ರೆಯ ಈ ದಡದಲ್ಲಿ ನಿಂತು ಆಚೆಯ ದಡವನ್ನು ನಮ್ಮದೆನ್ನುವುದು ಇಂದು ನಮಗೆ ಸಹಜವಾಗಿದೆ. ಆದರೆ ನಮ್ಮ ಹಿರಿಯರ ಕಾಲಕ್ಕೆ ಹಾಗಿರಲಿಲ್ಲ. ಹಡಗಲಿಯು ಮದರಾಸು ಸರಕಾರದ ಆಳಿಕೆಯಲ್ಲಿತ್ತು. ಹೊಳೆಯಾಚೆಯ ಮುಂಡರಗಿಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಪ್ಪಳವು ನಿಜಾಮರ ಕೈಯಲ್ಲಿತ್ತು. ಹರಪನಹಳ್ಳಿಯ ತೆಂಕಣ ಗಡಿಯನ್ನು ದಾಟಿದರೆ ದಾವಣಗೆರೆಯು ಮೈಸೂರು ಸಂಸ್ಥಾನದ್ದು. ಜನರ ನುಡಿ ಒಂದೇ, ಉಣ್ಣುವ ಜೋಳದ ರೊಟ್ಟಿ ಒಂದೇ, ಮೈಲಾರಲಿಂಗನ ಕಾರ್ಣಿಕಕ್ಕೆ ಕಿವಿಗೊಡುವ ಭಕ್ತಿಯೂ ಒಂದೇ. ಆದರೆ ಕಂದಾಯ ಕಟ್ಟುವ ಕಚೇರಿಗಳು ಮಾತ್ರ ನಾಲ್ಕು ಸರಕಾರಗಳವು!

ಇಂತಹ ಹರಿದು ಹಂಚಿಹೋದ ನಾಡಿನಲ್ಲಿ 1940ರಲ್ಲಿ ಹುಟ್ಟಿದವರು ಎಂ. ಪಿ. ಪ್ರಕಾಶರು. ಅವರಿಗೆ ಹದಿಮೂರು ವರುಷವಾಗಿದ್ದಾಗ, 1953ರ ಅಕ್ಟೋಬರ್ 1ರಂದು, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೊದಲಾದ ತಾಲ್ಲೂಕುಗಳು ಮದರಾಸನ್ನು ಬಿಟ್ಟು ಮೈಸೂರನ್ನು ಸೇರಿದುವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಆ ದಿನಗಳಲ್ಲಿಯೇ ಪಿಂಜಾರ ರಂಜಾನ್ ಸಾಬರು ಬಳ್ಳಾರಿಯಲ್ಲಿ ಏಕೀಕರಣಕ್ಕಾಗಿ ಪ್ರಾಣವನ್ನು ತೆತ್ತರು. ಪ್ರಕಾಶರಿಗೆ ಹದಿನಾರು ತುಂಬಿದ ವರುಷ, 1956ರ ನವೆಂಬರ್ 1ರಂದು, ಕನ್ನಡ ಪ್ರಾಂತವು ಒಂದಾಯಿತು. ಏಕೀಕರಣದ ಹೋರಾಟಗಾರರ ಸಾಲಿಗೆ ಅವರನ್ನು ಸೇರಿಸಲಾಗದು. ಅವರು ಆ ಹೋರಾಟದ ಫಲವನ್ನು ಉಂಡ ಮೊದಲ ತಲೆಮಾರಿನವರು. ಫಲವನ್ನು ಉಂಡವನು ಬೀಜವನ್ನು ಬಿತ್ತಿದನೇ ಎಂಬುದೇ ಇಂದು ನಾವು ಕೇಳಬೇಕಾದ ಪ್ರಶ್ನೆ. ಬರಿಯ ಹೊಗಳಿಕೆಗಾಗಿ ನಾವು ಇಲ್ಲಿ ನಿಂತಿಲ್ಲ.

ಪ್ರಕಾಶರು ನಮ್ಮಂತೆಯೇ ವಕೀಲಿ ವೃತ್ತಿಯವರು. ಸಮಾಜವಾದಿ ವಿಚಾರಗಳನ್ನು ಮೆಚ್ಚಿದವರು. ಆದರೆ ಜನರು ಅವರನ್ನು ಬಲ್ಲದ್ದು ಕರಿಯ ನಿಲುವಂಗಿಯಿಂದಲ್ಲ, ರಂಗಭೂಮಿಯಿಂದ. ಹೂವಿನಹಡಗಲಿಯಲ್ಲಿ ಅವರು ರಂಗಭಾರತಿಯೆಂಬ ನಾಟಕ ಸಂಸ್ಥೆಯನ್ನು ಕಟ್ಟಿದರು. ತಾವೂ ಬಣ್ಣ ಹಚ್ಚಿದರು. ಬಯಲಾಟವನ್ನು ರಾತ್ರಿಯೆಲ್ಲ ಕುಳಿತು ನೋಡುವ ಜನರ ನಡುವೆ ಹೊಸ ನಾಟಕವನ್ನು ಆಡಿ ತೋರಿಸುವುದು ಸುಲಭದ ಕೆಲಸವಲ್ಲ. ರಂಗದ ಮೇಲೆ ನಿಂತವನಿಗೆ ಎರಡು ಪಾಠಗಳು ತಾವಾಗಿ ಬರುತ್ತವೆ: ಕೊನೆಯ ಸಾಲಿನಲ್ಲಿ ಕುಳಿತವನಿಗೂ ಮಾತು ಕೇಳಿಸಬೇಕು, ಎದುರಿನ ಪಾತ್ರಧಾರಿಯ ಮಾತು ಮುಗಿಯುವ ತನಕ ತಾನು ಸುಮ್ಮನಿರಬೇಕು. ನಮ್ಮ ವಿಧಾನಸಭೆಯಲ್ಲಿ ಈ ಎರಡನೆಯ ಪಾಠವನ್ನು ಕಲಿತವರು ಎಷ್ಟು ಮಂದಿ ಎಂಬುದನ್ನು ನೀವೇ ಬಲ್ಲಿರಿ.

1983ರಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರಕಾರವು ಬಂದಿತು. ಅದೇ ಚುನಾವಣೆಯಲ್ಲಿ ಪ್ರಕಾಶರು ಜನತಾ ಪಕ್ಷದಿಂದ ಹಡಗಲಿಯ ಶಾಸಕರಾದರು. 1985ರಲ್ಲಿ ಮರಳಿ ಗೆದ್ದರು, 1989ರಲ್ಲಿ ಸೋತರು, 1994ರಲ್ಲಿ ಗೆದ್ದರು, 1999ರಲ್ಲಿ ಸೋತರು, 2004ರಲ್ಲಿ ಮತ್ತೆ ಗೆದ್ದರು. ಈ ಏರಿಳಿತವನ್ನು ನಾವು ಕುಂದೆಂದು ಎಣಿಸುವುದಿಲ್ಲ. ಮಂತ್ರಿಯಾದವನನ್ನೂ ಮನೆಗೆ ಕಳುಹಿಸಬಲ್ಲೆವೆಂದು ಹಡಗಲಿಯ ಮತದಾರರು ತೋರಿಸಿದರು. ಸೋತ ಮೇಲೂ ಊರನ್ನು ಬಿಡಲಾರೆನೆಂದು ಪ್ರಕಾಶರು ತೋರಿಸಿದರು. ಪ್ರಜಾಪ್ರಭುತ್ವದ ಮರ್ಯಾದೆಯು ಈ ಎರಡರಲ್ಲಿಯೂ ಇದೆ.

ಮಂತ್ರಿಯಾಗಿ ಅವರು ಮಾಡಿದ ಕೆಲಸಗಳಲ್ಲಿ ಎರಡನ್ನು ಹೇಳಿದರೆ ಸಾಕು. ಮೊದಲನೆಯದು ಹಂಪಿಯ ಉತ್ಸವ. 1936ರಲ್ಲಿ ವಿಜಯನಗರ ಸ್ಥಾಪನೆಯ ಆರುನೂರನೆಯ ವರುಷದ ಉತ್ಸವಕ್ಕೆ ಕನ್ನಡಿಗರು ಹಂಪಿಯಲ್ಲಿ ನೆರೆದಾಗ, ಆ ನೆಲವು ಮದರಾಸು ಪ್ರಾಂತದಲ್ಲಿತ್ತು. ಏಕೀಕರಣವಾದ ಮೇಲೆ ಆ ಹಾಳು ಪಟ್ಟಣವು ವಿದೇಶದ ಯಾತ್ರಿಕರ ನೋಟಕ್ಕೆ ಮಾತ್ರ ಮೀಸಲಾಗಬಾರದೆಂದು ಪ್ರಕಾಶರು ಬಗೆದರು. ಸರಕಾರದ ವತಿಯಿಂದ ಹಂಪಿ ಉತ್ಸವವು ನೆಲೆಗೊಂಡದ್ದು ಅವರ ಶ್ರಮದಿಂದ. ಕಲಾವಿದನಿಗೆ ವೇದಿಕೆ, ರೈತನಿಗೆ ಜಾತ್ರೆ, ಶಾಲೆಯ ಹುಡುಗನಿಗೆ ಚರಿತ್ರೆಯ ಪಾಠ, ಇವು ಮೂರೂ ಒಂದೇ ಬಯಲಿನಲ್ಲಿ ದೊರೆತುವು.

ಎರಡನೆಯದು ಪಂಚಾಯತಿಯ ಕೆಲಸ. 1994ರ ನಂತರದ ಮಂತ್ರಿಮಂಡಲದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯು ಅವರ ಪಾಲಿಗೆ ಬಂದಿತು. ಸಂವಿಧಾನದ 73ನೆಯ ತಿದ್ದುಪಡಿಯಾಗಿ, ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯದೆಯು ಆಗ ತಾನೇ ಜಾರಿಗೆ ಬಂದಿತ್ತು. ಗ್ರಾಮ, ತಾಲ್ಲೂಕು, ಜಿಲ್ಲೆ ಎಂಬ ಮೂರು ಅಂತಸ್ತು. ಸ್ತ್ರೀಯರಿಗೆ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದ ಸ್ಥಾನಗಳು. ಪ್ರಾಂತವು ಒಂದಾದರೆ ಸಾಲದು, ಅದರ ಅಧಿಕಾರವು ಕೊಟ್ಟೂರಿನ ಸುತ್ತಣ ಹಳ್ಳಿಯ ಚಾವಡಿಗೂ ಇಳಿದು ಬರಬೇಕು. ಬೆಂಗಳೂರಿನಲ್ಲಿಯೇ ಎಲ್ಲ ಕಡತಗಳೂ ಕೂತರೆ, ಮದರಾಸಿಗೆ ಅರ್ಜಿ ಬರೆಯುತ್ತಿದ್ದ ನಮ್ಮ ಹಿರಿಯರಿಗೂ ನಮಗೂ ಏನು ಭೇದ?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಮಾತು ಅರ್ಧ ಸತ್ಯವಾದೀತು. 1997ರಲ್ಲಿ ಹೊಸ ಜಿಲ್ಲೆಗಳನ್ನು ರಚಿಸಿದಾಗ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಬಿಡಿಸಿ ದಾವಣಗೆರೆಗೆ ಸೇರಿಸಿದರು. ಆ ಮಂತ್ರಿಮಂಡಲದಲ್ಲಿ ಪ್ರಕಾಶರೂ ಇದ್ದರು. ದಾವಣಗೆರೆ ಹತ್ತಿರ, ಬಳ್ಳಾರಿ ಬಹು ದೂರ. ಕಚೇರಿಗೆ ಅಲೆಯುವ ಬಡವನಿಗೆ ಅದು ಅನುಕೂಲವೆಂದು ಆಗ ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಎಂಬ ವಿಧಿಯು ಬಂದು, 2013ರಿಂದ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ವಿಶೇಷ ಮೀಸಲಾತಿಯು ದೊರೆತಾಗ, ಹರಪನಹಳ್ಳಿಯು ಗೆರೆಯ ಹೊರಗೆ ಉಳಿಯಿತು. ಗೆರೆಯ ಈಚೆಯ ಕೂಡ್ಲಿಗಿಯ ಹುಡುಗನಿಗೆ ದೊರೆತ ಹಕ್ಕು ಆಚೆಯ ಹರಪನಹಳ್ಳಿಯ ಹುಡುಗನಿಗೆ ಇಲ್ಲ. ಇಬ್ಬರ ಹೊಲಕ್ಕೂ ಮಳೆ ಒಂದೇ, ಬರವೂ ಒಂದೇ! ನಕ್ಷೆಯ ಮೇಲೆ ಎಳೆದ ಒಂದು ಗೆರೆಯ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಕಲಿಸಲಾರದು.

ಪ್ರಕಾಶರ ಕೊನೆಯ ವರುಷಗಳೂ ಸುಲಭದವಲ್ಲ. ಅವರು 2005ರಲ್ಲಿ ಧರ್ಮಸಿಂಗರ ಮಂತ್ರಿಮಂಡಲದಲ್ಲಿ ಉಪಮುಖ್ಯಮಂತ್ರಿಗಳಾದರು. 2006ರಲ್ಲಿ ಜಾತ್ಯತೀತ ಜನತಾ ದಳವು ಭಾರತೀಯ ಜನತಾ ಪಕ್ಷದೊಡನೆ ಕೂಡಿ ಸರಕಾರವನ್ನು ರಚಿಸಿದಾಗ ಆ ಸರಕಾರದಲ್ಲಿ ಗೃಹಮಂತ್ರಿಗಳಾದರು. ಸಮಾಜವಾದಿಯಾದವರಿಗೆ ಈ ನಡೆ ಒಪ್ಪುವುದೇ ಎಂದು ಅವರನ್ನು ಮೆಚ್ಚಿದವರೂ ಕೇಳಿದ್ದುಂಟು. ಆ ಪ್ರಶ್ನೆಯನ್ನು ನಾವು ಮುಚ್ಚಿಡಲಾರೆವು. ಆ ಮೈತ್ರಿಯು 2007ರಲ್ಲಿ ಮುರಿಯಿತು. ಮರು ವರುಷ ಅವರು ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸನ್ನು ಸೇರಿದರು. ಕ್ಷೇತ್ರಗಳ ಮರುವಿಂಗಡಣೆಯಿಂದ ಹಡಗಲಿಯು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿತ್ತು. ಆದುದರಿಂದ 2008ರಲ್ಲಿ ಹರಪನಹಳ್ಳಿಯಿಂದ ನಿಂತರು, ಸೋತರು. 2011ರ ಫೆಬ್ರವರಿ 9ರಂದು ತೀರಿಕೊಂಡರು.

ಆದರೆ ಕತೆಯು ಅಲ್ಲಿಗೆ ಮುಗಿಯಲಿಲ್ಲ. ಅವರ ಮಗ ಎಂ. ಪಿ. ರವೀಂದ್ರರು 2013ರಲ್ಲಿ ಅದೇ ಹರಪನಹಳ್ಳಿಯಿಂದ ಶಾಸಕರಾಗಿ, ಆ ತಾಲ್ಲೂಕಿಗೂ 371ಜೆ ವಿಧಿಯ ಹಕ್ಕು ಸಲ್ಲಬೇಕೆಂದು ಜನರೊಡನೆ ಹೋರಾಡಿದರು. ತಂದೆಯಿದ್ದ ಸರಕಾರವು ಬಿಡಿಸಿದ್ದನ್ನು ಕೂಡಿಸಲು ಮಗನು ದುಡಿದನು! ಹರಪನಹಳ್ಳಿಯನ್ನು ಬಳ್ಳಾರಿ ಜಿಲ್ಲೆಗೆ ಮರಳಿ ಸೇರಿಸಲು ಸರಕಾರವು 2018ರಲ್ಲಿ ನಿರ್ಧರಿಸಿತು. ಅದೇ ವರುಷದ ನವೆಂಬರಿನಲ್ಲಿ ರವೀಂದ್ರರೂ ಕಣ್ಮುಚ್ಚಿದರು. 2021ರಲ್ಲಿ ಹೊಸಪೇಟೆಯು ಕೇಂದ್ರವಾಗಿ ವಿಜಯನಗರ ಜಿಲ್ಲೆಯು ಹುಟ್ಟಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳೂ ಒಂದೇ ಸೂರಿನಡಿಗೆ ಬಂದುವು.

ಬಂಧುಗಳೇ, ಇದರಿಂದ ನಾವು ಕಲಿಯಬೇಕಾದುದೇನು? ಏಕೀಕರಣವು 1956ರಲ್ಲಿ ಮುಗಿದ ಕೆಲಸವಲ್ಲ. ಪ್ರತಿ ತಲೆಮಾರಿನಲ್ಲಿಯೂ ಯಾವುದೋ ಒಂದು ಗೆರೆಯು ಯಾವುದೋ ಒಂದು ಊರನ್ನು ಹೊರಗಿಡುತ್ತದೆ. ಆ ಊರಿನ ಪರವಾಗಿ ನಿಲ್ಲುವವನೇ ನಿಜವಾದ ಶಾಸಕ. ಪ್ರಕಾಶರು ನಾಟಕದಿಂದಲೂ ಉತ್ಸವದಿಂದಲೂ ಪಂಚಾಯತಿಯ ಕೆಲಸದಿಂದಲೂ ಈ ಗಡಿನಾಡಿಗೆ ತಾನೂ ಕರ್ನಾಟಕದ ನಡುಮನೆಯೇ ಎಂಬ ಅಭಿಮಾನವನ್ನು ಕೊಟ್ಟರು. ಅದು ಅವರ ಹಿರಿಮೆ. ಒಂದು ತಾಲ್ಲೂಕು ಬೇರಾದಾಗ ಮುಂದಣ ನಷ್ಟವನ್ನು ಅವರಿದ್ದ ಸರಕಾರವು ಕಾಣಲಿಲ್ಲ. ಅದು ಅವರ ಕಾಲದ ಕೊರತೆ. ಎರಡನ್ನೂ ಮಕ್ಕಳಿಗೆ ಹೇಳಿರಿ, ಉಪಾಧ್ಯಾಯ ಬಂಧುಗಳೇ. ಬರಿಯ ಹಿರಿಮೆಯನ್ನು ಹೇಳಿದರೆ ಅವರು ಭಕ್ತರಾದಾರು. ಬರಿಯ ಕೊರತೆಯನ್ನು ಹೇಳಿದರೆ ನಿಂದಕರಾದಾರು. ನಮಗೆ ಬೇಕಾದವರು ಪ್ರಜೆಗಳು.

ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಯಾವ ಪಕ್ಷವೆಂದು ಕೇಳುವ ಮೊದಲು, ಗೆರೆಯ ಹೊರಗೆ ಉಳಿದವರಿಗಾಗಿ ಏನು ಮಾಡಿದಿರಿ ಎಂದು ಕೇಳೋಣ. ಹಾಗೆ ಕೇಳುವ ಧೈರ್ಯವು ಈ ಐದು ತಾಲ್ಲೂಕುಗಳಿಗೆ ಎಂದಿಗೂ ಕುಂದದಿರಲಿ.

ಸಿರಿಗನ್ನಡಂ ಗೆಲ್ಗೆ.