ಹೊಂಗೆಯ ನೆರಳೂ ಬ್ಯಾರನ್ನಿನ ಬೆಂಕಿಯೂ

(ಹಾಸನದಲ್ಲಿ ನೀಡಿದ ದತ್ತಿ ಉಪನ್ಯಾಸ)



ಹವಾಮಾನದ ವ್ಯತ್ಯಯ, ಇಂಗಾಲದ ನಿಯಂತ್ರಣ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ, ಇವು ದೊಡ್ಡ ರಾಷ್ಟ್ರಗಳ ಪರಿಷತ್ತುಗಳಿಗೆ ಸೇರಿದವು, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮಗೆ ಇಲ್ಲಿ ಏನು ಕೆಲಸ ಎಂದು ಕೇಳುವವರುಂಟು. ಆ ಪ್ರಶ್ನೆ ನ್ಯಾಯವಾದುದು. ಅದನ್ನು ತಳ್ಳಿಹಾಕದೆ ಅದಕ್ಕೆ ನನಗೆ ತಿಳಿದ ಉತ್ತರವನ್ನು ನಿವೇದಿಸುವುದೇ ಈ ಉಪನ್ಯಾಸದ ಉದ್ದೇಶ.

ವಾಯುಮಂಡಲದ ಇಂಗಾಲಾಮ್ಲವು (ಕಾರ್ಬನ್ ಡೈಆಕ್ಸೈಡ್) ಹೆಚ್ಚಿದರೆ ಭೂಮಿಯ ಶಾಖವೂ ಹೆಚ್ಚುವುದೆಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರ್ಹೇನಿಯಸ್ 1896ರಲ್ಲಿಯೇ ಗಣಿತದಿಂದ ತೋರಿಸಿದನು. ಯಂತ್ರಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಇಂಗಾಲಾಮ್ಲದವಾಗಿದ್ದವು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭವಾದಾಗ ಅವು 315ರ ಹತ್ತಿರವಿದ್ದವು. ಈಗ 420ನ್ನು ದಾಟಿವೆ. ಇದು ಅಳೆದು ಕಂಡ ಲೆಕ್ಕವಾದ್ದರಿಂದ ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಯಾರು ಕಡಿಮೆಮಾಡಬೇಕು, ಎಷ್ಟು, ಎಂದಿನೊಳಗೆ ಎಂಬಲ್ಲಿ ಮಾತ್ರ ವಾದ.

ಒಂದು ವರ್ಷದ ಮಳೆಯನ್ನು ಹಿಡಿದು ಹವಾಮಾನದ ಮೇಲೆ ತೀರ್ಪು ಕೊಡುವುದು ಸಲ್ಲದು. ಆದರೂ ಗಾಳಿ ಒಂದು ಡಿಗ್ರಿ ಕಾದರೆ ಶೇ. 7ರಷ್ಟು ಹೆಚ್ಚು ತೇವವನ್ನು ಹೊರಬಲ್ಲುದೆಂಬ ಭೌತಶಾಸ್ತ್ರದ ನಿಯಮವನ್ನು ತಿಳಿದವನಿಗೆ, ಮಳೆ ಸುರಿದರೆ ಧಾರಾಕಾರವಾಗಿ ಸುರಿಯುವುದೂ, ಅದು ಕೈಕೊಟ್ಟರೆ ಗಾಳಿ ನೆಲವನ್ನು ಹೀರಿ ಒಣಗಿಸುವುದೂ ಒಂದೇ ಕಾರಣದ ಎರಡು ಮುಖಗಳೆಂಬುದು ತೋರದಿರದು. 2018ರ ಆಗಸ್ಟಿನಲ್ಲಿ ಸಕಲೇಶಪುರದ ಘಟ್ಟದಲ್ಲಿ ಗುಡ್ಡಗಳು ಕುಸಿದು ರೈಲುದಾರಿ ಮುಚ್ಚಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಹೊಳೆನರಸೀಪುರದವರು ಹೇಮಾವತಿಯ ಮಟ್ಟವನ್ನೂ, ಚನ್ನರಾಯಪಟ್ಟಣದವರು ತೆಂಗಿನ ಸುಳಿಯನ್ನೂ ನೋಡುತ್ತ ಕಳೆದ ಆ ದಿನಗಳನ್ನು ನಾನು ನೆನಪಿಸಬೇಕಾಗಿಲ್ಲ.

ಇನ್ನು ನ್ಯಾಯದ ಮಾತು. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಸುಮಾರು ಎರಡು ಟನ್ ಇಂಗಾಲಾಮ್ಲ; ಅಮೆರಿಕದಲ್ಲಿ ಅದರ ಆರೇಳು ಪಟ್ಟು. ಮೊದಲು ಉಂಡವನು ಮೊದಲು ಎಲೆ ಎತ್ತಲಿ ಎಂಬುದು ಸರಿಯಾದ ಮಾತೇ. ಹೊಣೆ ಎಲ್ಲರದಾದರೂ ಸಮವಲ್ಲವೆಂಬುದನ್ನು 1992ರ ರಿಯೋ ಸಮ್ಮೇಳನವೂ ಒಪ್ಪಿತು. ಆದರೆ ಅನ್ಯರ ತಪ್ಪು ದೊಡ್ಡದೆಂಬ ಕಾರಣದಿಂದ ನಮ್ಮ ಮನೆಯ ಬೆಂಕಿಯನ್ನು ನಾವು ನೋಡಬಾರದೆಂದಾಗದು.

ಆ ಬೆಂಕಿಯನ್ನು ನಾನು ಒಂದು ಭಾದ್ರಪದದ ರಾತ್ರಿ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಾಚೆಯ ಒಂದು ಹಳ್ಳಿಯಲ್ಲಿ ಕಂಡೆ. ತಂಬಾಕು ಹದಮಾಡುವ ಬ್ಯಾರನ್ನಿನ ಒಳಗೆ ಕಡ್ಡಿಗಳಿಗೆ ಕಟ್ಟಿದ ಹಸುರು ಎಲೆಗಳು ಅಂತಸ್ತು ಅಂತಸ್ತಾಗಿ ತೂಗುತ್ತಿದ್ದವು. ಹೊರಗಿನ ಒಲೆಯ ಬಿಸಿ ತಗಡಿನ ಕೊಳವೆಯಲ್ಲಿ ಹರಿದು ಅವನ್ನು ಮೆಲ್ಲಮೆಲ್ಲನೆ ಹಳದಿಗೆ ತಿರುಗಿಸುತ್ತಿತ್ತು. ಐದಾರು ದಿನ ಹಗಲಿರುಳೂ ಶಾಖ ಏರುಪೇರಾಗಬಾರದು. ಆದುದರಿಂದ ಮನೆಯವರು ಸರದಿಯ ಮೇಲೆ ಎಚ್ಚರವಿರುತ್ತಾರೆ. ಥರ್ಮಾಮೀಟರಿಗೆ ಟಾರ್ಚು ಹಿಡಿದು ನೋಡಿ ಬಂದ ಯಜಮಾನರು, ಒಲೆಗೆ ಮತ್ತೊಂದು ದಿಮ್ಮಿಯನ್ನು ನೂಕಿ, “ಮುಂಚೆ ನಮ್ಮ ಬದಿನ ಮರವೇ ಸಾಲೋದು ಸ್ವಾಮಿ. ಈಗ ಸೌದೇನೂ ದುಡ್ಡು ಕೊಟ್ಟು ತರಿಸ್ಬೇಕು” ಎಂದರು. ಅವರನ್ನು ದೂಷಿಸಲು ನನಗೆ ಮನಸ್ಸು ಬರಲಿಲ್ಲ, ಈಗಲೂ ಬಾರದು. ಹರಾಜು ಕಟ್ಟೆಯಲ್ಲಿ ಕೈಗೆ ಬರುವ ಹಣದಲ್ಲಿಯೇ ಅವರ ಮಕ್ಕಳ ಓದು ನಡೆಯಬೇಕು.

ಆದರೆ ಆ ಮಾತಿನಲ್ಲಿ ಈ ಚರ್ಚೆಯ ತಿರುಳಿದೆ. ಸುಟ್ಟ ಮರದ ಜಾಗದಲ್ಲಿ ಮರ ಬೆಳೆದರೆ, ಹೊಗೆಯಾಗಿ ಹೋದ ಇಂಗಾಲವು ಎಲೆಯ ಮೂಲಕ ಮರಳಿ ಬರುತ್ತದೆ. ಬೆಳೆಯದಿದ್ದರೆ ಗಾಳಿಯಲ್ಲಿ ನಿಲ್ಲುತ್ತದೆ. ಕಲ್ಲಿದ್ದಲಂತೂ ಕೋಟ್ಯಂತರ ವರ್ಷಗಳ ಹಿಂದಿನ ಕಾಡು. ಸುಟ್ಟರೆ ನಮ್ಮ ಯಾವ ತಲೆಮಾರಿಗೂ ಮರಳದು. ಸುಡಬೇಕೇ ಬೇಡವೇ ಎಂಬುದಕ್ಕಿಂತ, ಸುಟ್ಟದ್ದು ಮರಳಿ ಚಿಗುರುವುದೇ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ.

ಇದಕ್ಕೆ ಉತ್ತರವನ್ನು ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಹಾಸನದ ಸಮೀಪದ ಮಡೆನೂರಿನಲ್ಲಿ 2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ಜೈವಿಕ ಇಂಧನ ಉದ್ಯಾನವು ಆರಂಭವಾಯಿತು. ಅನ್ನ ಬೆಳೆಯುವ ಹೊಲವನ್ನು ಕಸಿದುಕೊಳ್ಳದೆ, ಬದುವಿನಲ್ಲಿಯೂ ಬಂಜರಿನಲ್ಲಿಯೂ ಹೊಂಗೆ, ಬೇವು, ಹಿಪ್ಪೆಗಳನ್ನು ಬೆಳೆಸಿ, ಬೀಜದಿಂದ ಎಣ್ಣೆ ತೆಗೆದು, ಡೀಸೆಲ್ಲಿಗೆ ಬದಲಾಗಿ ಬಳಸುವುದೇ ಅಲ್ಲಿಯ ಪ್ರಯತ್ನ. ಇದರಲ್ಲಿ ಹೊಸತು ಯಂತ್ರಮಾತ್ರ. ಹೊಂಗೆಯೆಣ್ಣೆಯ ದೀಪದಲ್ಲಿ ನಮ್ಮ ಹಿರಿಯರು ಓದಿದರು; ಹಿಂಡಿಯನ್ನು ತೋಟಕ್ಕೆ ಹಾಕಿದರು; ಸೊಪ್ಪನ್ನು ಗದ್ದೆಗೆ ತುಳಿದರು. ಬೀಜವನ್ನು ಆಯ್ದುಕೊಂಡರೂ ಮರ ನಿಂತೇ ಇರುತ್ತದೆ. ಯುಗಾದಿಯ ವೇಳೆಗೆ, ಉಳಿದೆಲ್ಲವೂ ಬಾಡಿರುವಾಗ, ಎಳೆಹಸುರು ಹೊದ್ದು ದಾರಿಗೆ ನೆರಳು ಹಾಸುತ್ತದೆ.

ಹೊಂಗೆಯಿಂದಲೇ ಲೋಕ ತಣಿಯುವುದೆಂದು ನಾನು ಹೇಳುತ್ತಿಲ್ಲ. ಮರ ಫಲಕ್ಕೆ ಬರಲು ಐದಾರು ವರ್ಷ ಬೇಕು. ಬೀಜ ಆಯುವ ಹೆಂಗಸರಿಗೆ ಕೂಲಿಯ ಮಟ್ಟಿನ ಬೆಲೆಯಾದರೂ ಸಿಕ್ಕದಿದ್ದರೆ ಈ ಕೆಲಸ ನಡೆಯದು. ಗಾಳಿಗೆ ಸೇರುವ ನಿವ್ವಳ ಇಂಗಾಲವನ್ನು ಶೂನ್ಯಕ್ಕಿಳಿಸಲು ಭಾರತವು 2021ರಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ ಗೊತ್ತುಮಾಡಿಕೊಂಡ ವರ್ಷ 2070. ಇಂದು ನೆಟ್ಟ ಸಸಿ ಅಂದಿಗೆ ಹೆಮ್ಮರವಾಗಿರುತ್ತದೆ.

ಆದಕಾರಣ ಈ ನಾಲ್ಕು ತಾಲ್ಲೂಕುಗಳ ರೈತಬಾಂಧವರಲ್ಲಿ ನನ್ನ ಬಿನ್ನಹವಿಷ್ಟೆ: ಬ್ಯಾರನ್ನಿಗೆ ಎಷ್ಟು ಮರ ಕಡಿದಿರೋ ಅಷ್ಟನ್ನಾದರೂ ಬದುವಿನಲ್ಲಿ ನೆಡಿ, ಈ ಬೇಸಿಗೆಯಲ್ಲಿ ಉದುರುವ ಹೊಂಗೆಕಾಯನ್ನು ಆಯ್ದಿಟ್ಟು, ಮುಂಗಾರಿನ ಮೊದಲ ಹದಕ್ಕೆ ಮಣ್ಣಿಗೆ ಹಾಕಿ.