ಕ್ಲಚ್ಚು ಹಿಡಿಯುತ್ತಾ, ಜಾರುತ್ತಾ?

ನಾನು ವೈರಿಂಗ್ ಕೆಲಸದವನು, ಕ್ಲಚ್ಚನ್ನೂ ಸ್ವಿಚ್ಚಿನ ಹಾಗೇ ನೋಡ್ತೀನಿ. ಪೆಡಲ್ ಒತ್ತಿದರೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ಕಡಿಯುತ್ತದೆ. ಬಿಟ್ಟರೆ ಪ್ರೆಶರ್ ಪ್ಲೇಟು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುತ್ತದೆ. ಅರ್ಧಂಬರ್ಧ ಕೂಡಿದ ಸ್ವಿಚ್ ಸುಡುತ್ತಲ್ಲ, ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವವರ ಪ್ಲೇಟಿನ ಗತಿಯೂ ಅದೇ.

ಹೆನ್ರಿ ಫೋರ್ಡ್ 1920ರಲ್ಲಿ ವಾಲ್ವ್ ಕಾರ್ಖಾನೆ ಶುರುಮಾಡಿದ ಊರು ನಮ್ಮ ನಾರ್ತ್‌ವಿಲ್. ಈಗ ಇಲ್ಲಿ ಎಲ್ಲಿ ನೋಡಿದ್ರೂ ಆಟೊಮ್ಯಾಟಿಕ್. ಹಳೇ ಮ್ಯಾನ್ಯುಯಲ್ ಗಾಡಿ ಅಗ್ಗಕ್ಕೆ ಸಿಕ್ತು ಅಂತ ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಖಾಲಿ ಜಾಗದಲ್ಲಿ, ಮುಂದೆ ಯಾರೂ ಇರಬಾರದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕೂ ಒತ್ತಿ, ಮೂರನೇ ಗೇರಿಗೆ ಹಾಕಿ ಕ್ಲಚ್ ಮೆಲ್ಲಗೆ ಬಿಡಿ. ಇಂಜಿನ್ ಆಫ್ ಆದರೆ ಪ್ಲೇಟು ಹಿಡಿಯುತ್ತಿದೆ. ಆಫ್ ಆಗದೆ ಓಡ್ತಾನೇ ಇದ್ರೆ ಜಾರ್ತಿದೆ. ಒಂದೇ ಸಲ ಸಾಕು, ಮತ್ತೆ ಮತ್ತೆ ಮಾಡಿದ್ರೆ ಇರೋದೂ ಸುಟ್ಟುಹೋಗುತ್ತೆ. ಪ್ಲೇಟು ಬದಲಿಸಬೇಕಂದ್ರೆ ಗೇರ್‌ಬಾಕ್ಸ್ ಇಳಿಸ್ಬೇಕು, ಅದರ ಕೂಲಿ ಕೇಳಿಕೊಂಡೇ ಚೌಕಾಸಿ ಮಾಡಿ.

ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್ ಮೇಲೆ ಅನುಮಾನ ಪಡಿ. ಪೆಡಲ್ ಮೆತ್ತಗಾಗಿ, ರಿವರ್ಸ್ ಹಾಕುವಾಗ ಗರಗರ ಅಂದರೆ ಪ್ಲೇಟಿಗೆ ದುಡ್ಡು ಸುರಿಯಬೇಡಿ, ಮೊದಲು ಫ್ಲೂಯಿಡ್ ನೋಡಿ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಡಬ್ಬಿ ಒಂದೇ. ಅದರ ಮಟ್ಟ ಇಳಿದಿದ್ದರೆ, ಪಾಳಿಗೆ ಹೊತ್ತಾಯ್ತು ಅಂತ ಗಾಡಿ ತೆಗೀಬೇಡಿ. ಲೀಕ್ ಎಲ್ಲಿ ಅಂತ ಗೊತ್ತಾಗೋವರೆಗೆ ಗೆಳೆಯರ ಕಾರಲ್ಲಿ ಹೋಗಿ.